ಓದದೆ ಬಿಟ್ಟ ಸಾಲು

ಅಪ್ಪಾ, ಆ ಪದಕ ನನಗೆ ಬಂದಿತ್ತು. ನೀವು ಅದಕ್ಕಾಗಿ ಕಾದು ಕುಳಿತ ಆ ವರ್ಷವೆಲ್ಲ ಅದು ನನ್ನ ಹತ್ತಿರವೇ ಇತ್ತು.

ಇಷ್ಟು ಬರೆಯಲು ಇಪ್ಪತ್ತು ವರ್ಷ ಬೇಕಾಯಿತು. ಮೊನ್ನೆ ಭಾನುವಾರ ಬ್ಯಾಂಕಿನ ಹೊಸ ಮ್ಯಾನೇಜರು ಮನೆಗೆ ಬಂದಿದ್ದರಲ್ಲ — ನಮ್ಮ ಹಾಸನದ ಕಡೆಯವರೆಂದು ನೀವೇ ಹುಡುಕಿ ಕರೆತಂದವರು — ಅವರಿಗೆ ನೀವು ನನ್ನ ಹಳೆಯ ಸ್ಕೌಟ್ ಅಂಗಿಯನ್ನು ಬೀರುವಿನಿಂದ ತೆಗೆದು ತೋರಿಸಿದಿರಿ. ತೋಳಿನ ಮೇಲಿನ ಬ್ಯಾಡ್ಜುಗಳ ಹೆಸರನ್ನು ಒಂದೊಂದಾಗಿ ಹೇಳಿ ಮುಗಿಸಿ, ಕೊನೆಗೆ ಎಡ ಜೇಬಿನ ಮೇಲೆ ಬೆರಳಿಟ್ಟು ಅಂದಿರಿ: "ಇಲ್ಲಿಗೆ ಬರ್ಬೇಕಾಗಿದ್ದು ಮಾತ್ರ ಬರ್ಲಿಲ್ಲ ಸಾರ್. ತಪ್ಪು ನಂದೇ. ಕಾರವಾರದಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗಿ ಮಧ್ಯದಲ್ಲೇ ಸ್ಕೂಲು ಬದ್ಲಾಯ್ತು. ಹುಡುಗನಿಗೆ ಅದ್ರಿಂದ್ಲೇ ತಪ್ಪೋಯ್ತು."

ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆಗಲೇ ಹೇಳಿಬಿಡಬಹುದಿತ್ತು. ತಟ್ಟೆ ಇಟ್ಟು ಒಳಗೆ ಹೋದೆ.

ಮೊದಲೇ ಹೇಳಿಬಿಡುತ್ತೇನೆ, ಇದು ಕೈಮುಗಿದು ಕ್ಷಮೆ ಕೇಳುವ ಕಾಗದವಲ್ಲ. ಆ ಸುಳ್ಳಿನ ಬಹುಪಾಲನ್ನು, ಅದೇ ಸಂದರ್ಭ ಇವತ್ತು ಬಂದರೂ, ಮತ್ತೆ ಹೇಳುತ್ತೇನೆ. ಆದರೆ ನಾನು ಮಾಡಿದ್ದನ್ನು ನೀವು ನಿಮ್ಮ ತಲೆಗೆ ಕಟ್ಟಿಕೊಂಡು ಊರವರ ಮುಂದೆ ತಪ್ಪೊಪ್ಪಿಕೊಳ್ಳುವುದಿದೆಯಲ್ಲ — ಅದನ್ನು ಇನ್ನೊಂದು ಸಲ ಕೇಳಲಾರೆ.

ಒಪ್ಪಂದ ಮಾಡಿದವರು ನೀವು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಈ ತೆಲುಗು ಊರಿನ ಎಂವಿಪಿ ಕಾಲೋನಿಯ ಆ ಬಾಡಿಗೆ ಮನೆಯಲ್ಲಿ, ನೀವು ನೌಕಾಪಡೆಯ ಹಡಗಿನಿಂದ ಬಂದ ಮೊದಲ ದಿನವೇ. "ದೊಡ್ಡ ಪದಕ ಬರೋವರ್ಗೂ ಸ್ಕೌಟು ಮಾಡ್ಕೊ. ಬಂದ್ಮೇಲೆ ಬಂದ್. ಆಮೇಲೆ ವಿಜಯವಾಡ." ದೊಡ್ಡ ಪದಕವೆಂದರೆ ಸ್ಕೌಟಿನ ಕೊನೆಯ ಮೆಟ್ಟಿಲು. ವಿಜಯವಾಡವೆಂದರೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಹುಡುಗರನ್ನು ಹಾಸ್ಟೆಲಿನಲ್ಲಿಟ್ಟು ತಯಾರು ಮಾಡುವ ಕಾಲೇಜು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಕೆಳಗಿನ ಮನೆಯ ಸುಧೀರ ನೆನಪಿದ್ದಾನೆಯೇ? ನನಗಿಂತ ಒಂದು ವರ್ಷ ದೊಡ್ಡವನು, ಅಲ್ಲಿಗೆ ಸೇರಿದ್ದ. ರಜೆಗೆ ಬಂದಾಗ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಇನ್ನಷ್ಟು ಅನ್ನ ಬೇಕೆನ್ನಲು ಅವನು ಹಾಸ್ಟೆಲಿನಲ್ಲಿ ಮಾಡುವ ಹಾಗೆ ಕೈ ಎತ್ತಿದ. ತನ್ನ ಮನೆಯಲ್ಲಿ, ತನ್ನ ಅಮ್ಮನೆದುರು, ಕೈ ಎತ್ತಿ ಸುಮ್ಮನೆ ಕಾದ. ಅವರಮ್ಮ ನಕ್ಕರು. ಅವತ್ತೇ ನಿರ್ಧರಿಸಿದೆ, ನಾನು ಹೋಗುವುದಿಲ್ಲ. ಎದುರು ನಿಂತು ಹೇಳುವ ಧೈರ್ಯ ಮಾತ್ರ — ಇರಲಿಲ್ಲ.

ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಪದಕ ಬಂತು. ಅದನ್ನು ಕೊಟ್ಟದ್ದು ಎಲ್ಲಿ ಗೊತ್ತೇ? ವಿಜಯವಾಡದಲ್ಲಿ. ನೀವು ಸಮುದ್ರದಲ್ಲಿದ್ದಿರಿ. ಅಮ್ಮನಿಗೆ ಕ್ಯಾಂಪ್ ಎಂದು ಹೇಳಿ ರೈಲು ಹತ್ತಿದೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ, ದಯವಿಟ್ಟು ಅವಳನ್ನು ಇದಕ್ಕೆ ಎಳೆಯಬೇಡಿ. ಒಪ್ಪಿಗೆ ಪತ್ರದಲ್ಲಿ ನಿಮ್ಮ ಸಹಿ ನಾನೇ ಹಾಕಿದೆ. ನೀವು ಕನ್ನಡದಲ್ಲೇ ಸಹಿ ಮಾಡುವವರು, ಆ ಸುತ್ತು, ಆ ಕೊನೆಯ ಗೀಟು ಎಲ್ಲ ನನಗೆ ಬರುತ್ತಿತ್ತು. ನಮ್ಮ ಸ್ಕೌಟ್ ಮಾಸ್ಟರಿಗೆ ಅದು ಓದಲೂ ಬರದು, ಅನುಮಾನವೂ ಬರದು. ವೇದಿಕೆಯ ಮೇಲೆ ಪ್ರತಿಯೊಬ್ಬ ಹುಡುಗನ ಪಕ್ಕದಲ್ಲಿ ಅವನ ಅಪ್ಪ ಅಮ್ಮ ನಿಲ್ಲಬೇಕಿತ್ತು. ನನ್ನ ಪಕ್ಕದಲ್ಲಿ ಜಾಗ ಖಾಲಿ ಇದ್ದದ್ದು ಕಂಡು ಮಾಸ್ಟರೇ ಬಂದು ನಿಂತರು. ನಿಮ್ಮ ಬಿಳಿ ಸಮವಸ್ತ್ರ ನೆನಪಾಯಿತು. ಅದನ್ನೇ ಹಾಕಿಕೊಂಡು ಬರುತ್ತೇನೆಂದು ಎಷ್ಟು ಸಲ ಹೇಳಿದ್ದಿರಿ...

ನೀವು ಮರಳಿದಾಗ, ಪದಕ ಇನ್ನೂ ಬಂದಿಲ್ಲ, ಕೆಲವು ಬ್ಯಾಡ್ಜು ಬಾಕಿ ಇವೆ ಎಂದೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವವರಲ್ಲ ನೀವು. ಹಾಗಾದರೆ ಒಂದು ವರ್ಷ ಇಲ್ಲೇ ಓದು, ಪದಕ ಬಂದ ಮೇಲೆ ಹೋಗುವೆಯಂತೆ ಎಂದಿರಿ. ನಾನು ಗೆದ್ದೆ.

ಆ ವರ್ಷ ನಾನು ಗಳಿಸಿದ್ದೆಲ್ಲ ಮೆಟ್ಟಿಲು ಮುಗಿದ ಮೇಲಿನ ಗಳಿಕೆ. ಯಾರೂ ಕೇಳದ, ಯಾವುದಕ್ಕೂ ಬೇಕಿಲ್ಲದ ಬ್ಯಾಡ್ಜುಗಳು. ಬೆಂಕಿ ಆರಿಸುವುದು, ಗಾಯಾಳುವನ್ನು ಹೊರುವುದು, ದೋಣಿ ನಡೆಸುವುದು, ಅಡುಗೆ. ಮುಂದೆ ಯಾವ ಬಹುಮಾನವೂ ಇಲ್ಲವೆಂದು ಗೊತ್ತಿದ್ದೂ ಮಾಡಿದ ಕೆಲಸ ಅದೊಂದೇ ಇರಬೇಕು ನನ್ನ ಜೀವನದಲ್ಲಿ, ಅಷ್ಟು ಖುಷಿ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ. ನೀವು ಮನೆಯಲ್ಲಿದ್ದಾಗಲೆಲ್ಲ ಸೂಜಿ ದಾರ ಹಿಡಿದು ಅವನ್ನು ತೋಳಿಗೆ ಹೊಲಿದಿರಿ. ಹಡಗಿನವರ ಹೊಲಿಗೆ, ಇವತ್ತಿಗೂ ಒಂದು ಎಳೆ ಬಿಚ್ಚಿಲ್ಲ. ಪ್ರತಿ ಸಲ ಕೇಳುತ್ತಿದ್ದಿರಿ, ಇನ್ನೆಷ್ಟು ಬಾಕಿ ಎಂದು. ಇನ್ನೆರಡು ಅಪ್ಪಾ. ಯಾವಾಗಲೂ ಇನ್ನೆರಡೇ. ಒಂದು ದಿನ ಎಡ ಜೇಬಿನ ಮೇಲೆ ಬಿಳಿ ದಾರದಲ್ಲಿ ಸಣ್ಣ ಗುರುತು ಹಾಕಿ, ಪದಕಕ್ಕೆ ಜಾಗ ಹಿಡಿದಿಟ್ಟಿದ್ದೇನೆ ಎಂದಿರಿ.

ಒಮ್ಮೆ ಮಾಸ್ಟರು ರೈತು ಬಜಾರಿನಲ್ಲಿ ಎದುರಾದರು. ಅವರಿಗೆ ತೆಲುಗು ಬಿಟ್ಟು ಬೇರೆ ಬರದು, ನಿಮಗೆ ಆಗಿನ್ನೂ ತೆಲುಗು ಬರುತ್ತಿರಲಿಲ್ಲ. ನಡುವೆ ನಾನು. "ಮೀ ಅಬ್ಬಾಯಿ ಪೈ ಮೆಟ್ಟು ಎಕ್ಕೇಶಾಡಂಡಿ" ಎಂದರು ಅವರು, ನಿಮ್ಮ ಹುಡುಗ ಮೇಲಿನ ಮೆಟ್ಟಿಲು ಹತ್ತಿಬಿಟ್ಟ ಎಂದು. ಚೆನ್ನಾಗಿ ಮಾಡುತ್ತಿದ್ದಾನಂತೆ ಎಂದು ನಾನು ನಿಮಗೆ ಹೇಳಿದೆ. ನೀವು ಅವರ ಕೈ ಹಿಡಿದು ಕುಲುಕಿದಿರಿ. ದ್ವಿಭಾಷಿಯ ಬ್ಯಾಡ್ಜು ಸಿಕ್ಕಿದ್ದೂ ಅದೇ ತಿಂಗಳು. ನಗಬೇಕೆನಿಸಿದರೆ ನಗಿ, ನನಗೂ ಎಷ್ಟೋ ಸಲ ನಗು ಬಂದಿದೆ.

ಇಲ್ಲಿಯವರೆಗಿನದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಹುಡುಗ ಬರೀ ಡಿಪ್ಲೊಮಾಕ್ಕೆ ನಿಂತುಬಿಟ್ಟ ಎಂದು ನೀವು ಬಂದವರೆದುರು ಹೇಳುತ್ತೀರಿ. ಹೌದು, ಅಗ್ನಿಶಾಮಕ ಮತ್ತು ಸುರಕ್ಷತೆಯ ಡಿಪ್ಲೊಮಾ. ಪರವಾಡದ ಕಾರ್ಖಾನೆಯಲ್ಲಿ ಹೊಗೆ ತುಂಬಿದ ದಿನ ಇಬ್ಬರನ್ನು ಹೊರಗೆ ಹೊತ್ತು ತಂದೆನಲ್ಲ, ಆ ಹೊರುವ ಪಟ್ಟು ಕಲಿತದ್ದು ಬೇಡದ ಬ್ಯಾಡ್ಜಿಗಾಗಿ. ನೀವು ತೋರಿಸಿದ ದಾರಿಯಲ್ಲಿ ಹೋಗಿದ್ದರೆ ನಾನು ಏನಾಗುತ್ತಿದ್ದೆನೋ. ಇದಂತೂ ಆಗುತ್ತಿರಲಿಲ್ಲ.

ಆದರೆ ಅಜ್ಜಿ.

ಪ್ರತಿ ದಸರೆಗೆ ನೀವು ಊರಿಗೆ ಹೋಗಿ ನಿಮ್ಮ ಅವ್ವನ ಜೊತೆ ಒಂದು ವಾರ ಇದ್ದು ಬರುತ್ತಿದ್ದಿರಿ. ಆ ವರ್ಷ ಹಡಗಿನ ಕೆಲಸ ಹೆಚ್ಚು, ಒಂದೇ ಸಲ ರಜೆ ಸಿಗುವುದಿತ್ತು. ಅದನ್ನು ಪದಕದ ದಿನಕ್ಕೆಂದು ಎತ್ತಿಟ್ಟಿರಿ. ಅಜ್ಜಿಗೆ ಕಿವಿ ಕೇಳದು, ಫೋನು ಆಗದು. ನನ್ನ ಕನ್ನಡ ತುಕ್ಕು ಹಿಡಿಯಬಾರದೆಂದು ಕಾಗದ ಓದುವುದೂ ಬರೆಯುವುದೂ ನನ್ನ ಪಾಲಿಗೆ ಬಿಟ್ಟಿದ್ದಿರಿ. ನೀವು ಹೇಳಿದಿರಿ, ನಾನು ಬರೆದೆ: ಈ ಸಲ ಬರಲಾಗುವುದಿಲ್ಲ ಅವ್ವ, ಮಗನಿಗೆ ಪದಕ ಬರುವುದಿದೆ. ಪದಕ ಆಗ ನನ್ನ ಡೇರೆಯ ಚೀಲದ ತಳದಲ್ಲಿತ್ತು. ಅಕ್ಷರ ದುಂಡಗಿದೆ ಎಂದು ನೀವು ಹೊಗಳಿದಿರಿ.

ಅಜ್ಜಿಯ ಉತ್ತರ ಬಂದ ದಿನ ನೀವು ಬೂಟಿನ ದಾರ ಕಟ್ಟುತ್ತಿದ್ದಿರಿ, ಹಡಗಿಗೆ ಹೊರಡುವ ಹೊತ್ತು. ಓದು ಎಂದಿರಿ. ಓದಿದೆ. ಎಮ್ಮೆ ಕರು ಹಾಕಿದ್ದು, ಹಿತ್ತಲಿನ ಅವರೆ, ಮಂಡಿ ನೋವು — ಎಲ್ಲ ಓದಿದೆ. ಒಂದು ಸಾಲು ಓದಲಿಲ್ಲ.

ಓದಿದ್ದರೆ ನೀವು ಪದಕ ಯಾವ ತಾರೀಖಿಗೆ ಎಂದು ಕೇಳುತ್ತಿದ್ದಿರಿ. ಮಾಸ್ಟರ ಮನೆಗೇ ಹೋಗುತ್ತಿದ್ದಿರಿ, ಜೊತೆಗೆ ತೆಲುಗು ಬಲ್ಲ ಗೆಳೆಯರೊಬ್ಬರನ್ನು ಕರೆದುಕೊಂಡು. ನನ್ನ ಆಟ ಮುಗಿಯುತ್ತಿತ್ತು. ಅದಕ್ಕೇ ಕಣ್ಣನ್ನು ಮುಂದಿನ ಸಾಲಿಗೆ ಜಾರಿಸಿದೆ. ಅಷ್ಟೇ ಕೆಲಸ. ನೀವು ಚೀಲ ಹೆಗಲಿಗೇರಿಸಿ, ಮುಂದಿನ ದಸರೆಗೆ ಹೋದರಾಯಿತು ಎಂದು ಹೊರಟಿರಿ. ಕಾಗದ ನನ್ನ ಕೈಯಲ್ಲೇ ಉಳಿಯಿತು.

ಸಂಕ್ರಾಂತಿಗೆ ಮೂರು ದಿನ ಮೊದಲು ಅಜ್ಜಿ ಹೋದರು. ನೀವು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಟ್ಟುಕೊಂಡಿದ್ದ ರಜೆ ತಿಥಿಗೆ ಹೋಯಿತು. ಆಮೇಲೆ ನೀವು ವಿಜಯವಾಡದ ಮಾತೇ ಎತ್ತಲಿಲ್ಲ. ನನಗೆ ಹದಿನೆಂಟು ತುಂಬಿದಾಗ, ವಯಸ್ಸು ಮೀರಿತು, ಇನ್ನು ಪದಕವಿಲ್ಲ ಎಂದೆ. ನೀವು ನನ್ನ ಬೆನ್ನು ತಟ್ಟಿದಿರಿ. ಬೈದಿದ್ದರೆ...

ಪದಕ ಮತ್ತು ಆ ಕಾಗದ ಕಾರ್ಖಾನೆಯ ನನ್ನ ಲಾಕರಿನಲ್ಲಿ, ಹೆಲ್ಮೆಟ್ಟಿನ ಹಿಂದೆ ಇದ್ದವು. ನಿನ್ನೆ ತಂದಿದ್ದೇನೆ. ನಿಮ್ಮ ಮೇಜಿನ ಮೇಲಿಟ್ಟು ಕಂಪನಿ ಬಸ್ಸು ಹತ್ತಿ ಹೋಗಿಬಿಡೋಣ ಅನ್ನಿಸಿತು. ಬೇಡ. ನಿಮ್ಮ ಕಣ್ಣಿಗೆ ಈಗ ಕೈಬರಹ ಕಾಣುವುದಿಲ್ಲ, ಯಾರಾದರೂ ಓದಿಯೇ ಹೇಳಬೇಕು. ಇದನ್ನೂ ನಾನೇ ಓದುತ್ತೇನೆ, ನಿಮ್ಮೆದುರು ಕೂತು, ನಾಳೆ ಬೆಳಗಿನ ಕಾಫಿಯಾದ ಮೇಲೆ. ವಿಜಯವಾಡಕ್ಕೆ ಹೋಗದಿದ್ದಕ್ಕೆ ಬೈದರೆ ಎದುರುತ್ತರ ಕೊಡುತ್ತೇನೆ. ಅಜ್ಜಿಯ ವಿಷಯಕ್ಕೆ ಬೈದರೆ ಕೂತು ಕೇಳಿಸಿಕೊಳ್ಳುತ್ತೇನೆ.

ಅದಕ್ಕೂ ಮೊದಲು ಅಜ್ಜಿಯ ಕಾಗದ ಓದುತ್ತೇನೆ, ಪೂರ್ತಿ. ಅವರೆಯ ಮಾತಿಗೂ ಮಂಡಿ ನೋವಿಗೂ ನಡುವೆ ಅವರು ಬರೆದದ್ದು ಇದು: "ಮೊಮ್ಮಗನ ಪದಕ ಎಲ್ಲಿಗೂ ಓಡಿಹೋಗಲ್ಲ ಕಣಪ್ಪ, ನೀನು ಒಂದು ಸಲ ಬಂದು ಮುಖ ತೋರಿಸಿ ಹೋಗು."