ನಡುಹೊಳೆಯಲ್ಲಿ ನಿಂತ ದೋಣಿ

ಪರದೆಯ ಮೇಲಿನ ಗೊಂಬೆಗೆ ರಕ್ತವಿಲ್ಲ. ಅದನ್ನು ಆಡಿಸುತ್ತ ಕುರ್ಚಿಯಲ್ಲಿ ಕೂತವರಿಗೆ ಇದೆ. ಇಷ್ಟು ತಿಳಿಯಲು ಯಾವ ಶಾಲೆಯೂ ಬೇಡ. ಆದರೂ ಒಂದು ಭಾನುವಾರ ಮಧ್ಯಾಹ್ನ ಒಂದು ಊರಿಗೆ ಊರೇ ಅದನ್ನು ಮರೆಯಿತು. ಮರೆತವರಲ್ಲಿ ಮೊದಲಿಗಳು ನಮ್ಮ ಆಲ್ಟರೇಷನ್ ಅಕ್ಕ.

ಅಕ್ಕನದು ಮೆಟ್ಟಿಲ ಕೆಳಗಿನ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಮೊಳೆಗೆ ನೇತುಬಿಟ್ಟ ಜಿಪ್ಪುಗಳು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಅಂಗಿ ಸಡಿಲ ಮಾಡುವುದು, ಇನ್ನೊಬ್ಬರು ಕೆಡಿಸಿದ್ದನ್ನು ಸರಿಮಾಡುವುದು. ಹೊಸದನ್ನು ಹೊಲಿಸಲು ಯಾರೂ ಬರರು. ಬಂದವರೂ ಮುಖ ನೋಡದೆ 'ಸಂಜೆಗಾಗತ್ತಾ?' ಎಂದು ಬಟ್ಟೆ ಎಸೆದು ಹೋಗುವವರೇ.

ಇಂಥವಳಿಗೆ ಆನ್‌ಲೈನ್ ಆಟವೊಂದರಲ್ಲಿ ಒಂದು ಊರು ಸಿಕ್ಕಿತು. ಅಲ್ಲಿ ಒಬ್ಬೊಬ್ಬರಿಗೂ ಒಂದು ಪಾತ್ರ. ಮಾತನ್ನೆಲ್ಲ ಟೈಪು ಮಾಡಬೇಕು. ಅಲ್ಲಿ ಅವಳು ವೈದ್ಯಮ್ಮ. ಗಾಯಕ್ಕೆ ಸೊಪ್ಪು ಅರೆದು ಕಟ್ಟಿದರೆ ಜನ ಕೈಮುಗಿಯುತ್ತಿದ್ದರು. ಮನೆಯಲ್ಲಿ ಅತ್ತಿಗೆ ಮಾತ್ರ, "ವೈದ್ಯಮ್ಮನೋರೇ, ನನ್ನ ಮಂಡಿಗೂ ಒಂದಿಷ್ಟು ಸೊಪ್ಪು ಕಳಿಸಿ" ಎಂದು ಚುಚ್ಚುತ್ತಿದ್ದಳು.

ಆ ಊರಿಗೆ ಕಟ್ಟುನಿಟ್ಟಿನ ನಿಯಮವೊಂದಿತ್ತು: ಆಟದೊಳಗೆ ಹೊರಗಿನ ಮಾತು ಕೂಡದು. ಮಾಡಿದವಳು, ಬರಬರುತ್ತ ಆ ಊರಿನ ಉಸ್ತುವಾರಿ ಹೊತ್ತಿದ್ದ ಅಕ್ಕನೇ. ಕಾರಣವಿಲ್ಲದೆ ಮಾಡಲಿಲ್ಲ. ಒಮ್ಮೆ ಊರಿನ ಅಜ್ಜಿಯೊಬ್ಬಳು ಸಾಯುವ ದೃಶ್ಯ. ಎಲ್ಲರೂ ಕಣ್ಣೀರಿನ ಚಿತ್ರ ಹಾಕುತ್ತಿದ್ದರು. ಆಗ ಹೆಣ ಟೈಪು ಮಾಡಿತು: "ಒಂದ್ನಿಮಿಷ, ಕುಕ್ಕರ್ ಕೂಗ್ತಿದೆ." ಊರೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ದಿನಕ್ಕೆ ಒಂದಷ್ಟು ಹೊತ್ತು ಬೇರೊಂದು ಜೀವವಾಗಿ ಉಸಿರಾಡುತ್ತಿದ್ದವಳನ್ನು ಯಾರೋ ಜುಟ್ಟು ಹಿಡಿದು ಮೆಟ್ಟಿಲ ಕೆಳಕ್ಕೆ ಎಳೆದಂತಾಗಿತ್ತು.

ಆ ಆಟದ ಊರಿನಲ್ಲಿ ಹೊಳೆ ದಾಟಲು ನಿಜವಾದ ಹೊಳೆಯಷ್ಟೇ ಹೊತ್ತು ಬೇಕು. ಹೊರಗೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಒಬ್ಬ ಆಟಗಾರನಿಗೆ ಇದು ಸುತರಾಂ ಆಗದು. ಅವನಿಗೆ ಎಲ್ಲರೂ ಬೇಗಪ್ಪ ಎಂದು ಹೆಸರಿಟ್ಟಿದ್ದರು.

"ಒಂದು ಬಟನ್ ಒತ್ತಿದ್ರೆ ಆಚೆ ದಡದಲ್ಲಿರ್ಬೇಕು. ಆಟ ಅಂದ್ರೆ ಸ್ವಲ್ಪ ಮಜಾ ಬೇಡ್ವಾ?"

"ಮಜಾ ಬೇಕಾದ್ರೆ ಹೋಗಿ ಉಯ್ಯಾಲೆ ಆಡು. ಇದು ಊರು," ಎನ್ನುತ್ತಿದ್ದಳು ವೈದ್ಯಮ್ಮ.

"ನೀನು ಬೇಗ ಇಳಿದ್ಬಿಟ್ರೆ ನನ್ನ ಜೊತೆ ಮಾತಾಡೋರು ಯಾರಪ್ಪ?" ಎನ್ನುತ್ತಿದ್ದ ದೋಣಿ ತಾತ.

ತಾತ ಆಟದಲ್ಲಿ ಅಂಬಿಗ, ಹೊರಗೆ ನಿವೃತ್ತ ಬಸ್ ಡ್ರೈವರ್. ಆಟಗಾರರ ಗುಂಪು ಸೇರಿದ ದಿನ ತನ್ನ ಪರಿಚಯ ಬರೆದಿದ್ದ: "ಚಾಲಕನೊಡನೆ ಮಾತಾಡಬೇಡಿ ಅನ್ನೋ ಬೋರ್ಡಿನ ಕೆಳಗೇ ಆಯಸ್ಸು ಕಳೆದೆ. ಇನ್ನು ಮಾತಾಡ್ತೀನಿ." ಕೆಳಗೆ ಮಗಳ ಫೋನ್ ನಂಬರ್ ಕೊಟ್ಟಿದ್ದ. ಅದು ಗುಂಪಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಆ ಭಾನುವಾರ ದೋಣಿ ತುಂಬ ಜನ. ನಡುಹೊಳೆಯಲ್ಲಿ ತಾತ ಬರೆದ: "ವೈದ್ಯಮ್ಮ, ಬಲಗೈಲಿ ಹುಟ್ಟು ನಿಲ್ತಿಲ್ಲ."

ದೋಣಿ ತಿರುಗತೊಡಗಿತು. ವೈದ್ಯಮ್ಮ ಸೊಪ್ಪು ಅರೆದಳು.

"ನಾಲಿಗೆ ದಪ್ಪ ಆಗಿದೆ. ಅರ್ಧ ಮುಖ ನಂದಲ್ಲ ಅನ್ಸತ್ತೆ." ಆಮೇಲಿನ ಸಾಲುಗಳಲ್ಲಿ ಅಕ್ಷರಗಳೇ ಒಂದರ ಮೇಲೊಂದು ಬಿದ್ದಿದ್ದವು.

"ಅಕ್ಷರಾನೂ ತೊದಲ್ತಿದೆ ನೋಡ್ರಪ್ಪ, ನಟನೆ ಅಂದ್ರೆ ಇದು," ಎಂದರು ಯಾರೋ. ಚಪ್ಪಾಳೆಯ ಚಿತ್ರಗಳು ಉದುರಿದವು.

ಆಗ ಬೇಗಪ್ಪ ಕೇಳಿದ: "ತಾತ, ಆಟ ಪಕ್ಕಕ್ಕಿಡು. ನಿಜವಾಗ್ಲೂ ಹುಷಾರಿಲ್ವಾ? ಮನೇಲಿ ಯಾರಿದ್ದಾರೆ?"

ಇರಬಹುದೇ ಎಂದು ಅಕ್ಕನಿಗೂ ಒಂದು ಕ್ಷಣ ಅನ್ನಿಸಿತು. ಆದರೆ ಮುದುಕ ಎಷ್ಟು ಚೆನ್ನಾಗಿ ಆಡುತ್ತಿದ್ದಾನೆ, ಈ ಬೇಗಪ್ಪ ಮತ್ತೆ ಕುಕ್ಕರ್ ಕೂಗಿಸಿದನಲ್ಲ ಎಂಬ ಸಿಟ್ಟೇ ಗೆದ್ದಿತು. ನಿಯಮ ನಿಯಮವೇ. ಅವಳು ಬೇಗಪ್ಪನನ್ನು ಊರಿನಿಂದಲೂ ಗುಂಪಿನಿಂದಲೂ ಹೊರಗೆ ಹಾಕಿದಳು; ಅದರೊಂದಿಗೆ ತಾತನ ಮಗಳ ನಂಬರೂ ಅವನ ಕೈತಪ್ಪಿತು. ತಾತನ ಹಣೆಗೆ ಸೊಪ್ಪಿನ ರಸ ಹಚ್ಚಿದಳು. ತಾತ ಮತ್ತೆ ಬರೆಯಲಿಲ್ಲ. ಎಲ್ಲರೂ ಆ ಮೌನವನ್ನೂ ಮೆಚ್ಚುತ್ತ ಬಹಳ ಹೊತ್ತು ಕೂತರು.

ಸಂಜೆ ತಾತನ ಹೆಸರಿನಲ್ಲೇ ಮಗಳು ಬರೆದಳು. "ಅಪ್ಪ ಆಸ್ಪತ್ರೆಲಿದ್ದಾರೆ. ಪಾರ್ಶ್ವವಾಯು. ಬೇಗ ಕರ್ಕೊಂಡು ಬಂದಿದ್ರೆ ಔಷಧಿ ಕೊಡಬಹುದಿತ್ತಂತೆ. ನಿಮಗೆಲ್ಲ ಮಧ್ಯಾಹ್ನಾನೇ ಹೇಳಿದ್ದಾರೆ. ಒಬ್ಬರಾದ್ರೂ ಫೋನ್ ಮಾಡಬಾರದಿತ್ತಾ?"

ಮರುದಿನ ಅಕ್ಕ ಅಂಗಡಿ ತೆರೆಯದೆ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋದಳು. ಅಭ್ಯಾಸಬಲದಿಂದ ಹಾಕಿಕೊಂಡ ಅಳತೆ ಟೇಪು ಕೊರಳಲ್ಲಿ ಹಾಗೇ ಇತ್ತು. ವಾರ್ಡಿನ ಬಾಗಿಲಲ್ಲಿ ಸೂಪರ್‌ಮಾರ್ಕೆಟ್ಟಿನ ಸಮವಸ್ತ್ರದಲ್ಲೇ ನಿಂತಿದ್ದ ಮಗಳಿಗೆ ತಾನು ಯಾರೆಂದು ಹೇಳಿದಳು.

"ಓ, ವೈದ್ಯಮ್ಮ," ಎಂದಳು ಮಗಳು. "ಸೊಪ್ಪು ತಂದಿದ್ದೀರಾ?"

ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳು. "ತಾತ, ನಾನು, ವೈದ್ಯಮ್ಮ," ಎಂದಳು. ಮುದುಕನಿಗೆ ಮಾತು ಬಿದ್ದುಹೋಗಿತ್ತು. ಆಯಸ್ಸೆಲ್ಲ ಬಾಯಿ ಕಟ್ಟಿಕೊಂಡು ಬಸ್ಸು ಓಡಿಸಿದವನು, ಈಗಷ್ಟೇ ಮಾತಾಡಲು ಕಲಿತವನು. ಹೆಸರು ಕೇಳಿ ಅವನಿಗೆ ಅವಳ ಗುರುತು ಹತ್ತಿತು. ನಗಲು ಬರುತ್ತಿದ್ದ ಅರ್ಧ ಮುಖ ನಕ್ಕಿತು. ಆ ನಗು ನೋಡುವುದಕ್ಕಿಂತ ಅವನು ಉಗಿದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಇಂದಿಗೂ ಅನ್ನಿಸುತ್ತದೆ.

ಅವಳು ಬೇಗಪ್ಪನನ್ನು ಆಟದ ಊರಿಗೆ ವಾಪಸು ಕರೆದಳು. ಅವನು ಬಂದು, "ಸರಿ ಬಿಡಕ್ಕ" ಎಂದಷ್ಟೇ ಅಂದು ತಾತನ ಹುಟ್ಟು ಹಿಡಿದ. ಆ ಆತುರಗಾರ ಈಗ ಊರಿನಲ್ಲೇ ನಿಧಾನದ ಅಂಬಿಗ. ಅಕ್ಕ ನಿಯಮ ತಿದ್ದಿದಳು: 'ಆಟ ಬಿಟ್ಟೆ' ಎಂದು ಯಾರೇ ಅಂದರೂ ಎಲ್ಲರೂ ಆಟ ನಿಲ್ಲಿಸಿ ಅವರ ಮಾತು ಕೇಳಬೇಕು. ಕೆಲವರು, ಇದರಿಂದ ಆಟದ ನೈಜತೆ ಹಾಳಾಯಿತು ಎಂದು ಗೊಣಗಿ ಊರು ಬಿಟ್ಟರು. ಯಾವ ನೈಜತೆ ಸ್ವಾಮಿ? ಒಬ್ಬ ಮುದುಕನ ಬಲಗೈ ಸತ್ತದ್ದಕ್ಕಿಂತ ನೈಜವಾದದ್ದು ಇನ್ನೇನು ಬೇಕಿತ್ತು ಅವರಿಗೆ?

ನೀವೂ ಇಂಥದೊಂದು ಊರಿನಲ್ಲಿ ಆಡುತ್ತಿರಬಹುದು. ಆಡಿ, ಮೈಮರೆತೇ ಆಡಿ. ಆದರೆ ದೋಣಿ ನಡುಹೊಳೆಯಲ್ಲಿ ನಿಂತರೆ ಚಪ್ಪಾಳೆ ತಟ್ಟಬೇಡಿ. ಫೋನ್ ಎತ್ತಿ, "ನಿಜವಾಗ್ಲೂ ಹುಷಾರಿಲ್ವಾ?" ಎಂದು ಕೇಳಿ.