ಮೇಮ್‌ಸಾಬ್ ನೀಲಿಯಾದ ಬೇಸಿಗೆ

ನಾನು ದಾವಣಗೆರೆಯವಳು. ನಮ್ಮೂರಿನಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು, ನಮ್ಮ ಮನೆಯಲ್ಲಿ ಆ ಉತ್ಸಾಹ ಯಾರಿಗೂ ಇರಲಿಲ್ಲ. ನಮಗೆ ನೀರೆಂದರೆ ಭದ್ರಾ ನಾಲೆ, ಅದು ಬಿಟ್ಟರೆ ನಲ್ಲಿ. ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಕೇಳಲು ಹೋದ ದಿನವೇ ಇದನ್ನೆಲ್ಲ ಮನೆಯೊಡತಿಗೆ ಬಿಡಿಸಿ ಹೇಳಿದ್ದೆ. ಆಂಟಿಜೀ ನಂಬಲಿಲ್ಲ.

"ಕರ್ನಾಟಕ ಅಂದೆಯಲ್ಲ ಬೇಟಾ? ಅಂದ್ರೆ ಸೌತ್. ಸೌತ್‌ಗೆ ಮೂರೂ ಕಡೆ ಸಮುದ್ರ. ಬಚ್ಚಾ ಬಚ್ಚಾಗೂ ಗೊತ್ತು."

ಐಎಎಸ್ ಪರೀಕ್ಷೆಗೆ ಭೂಗೋಳವೇ ನನ್ನ ಆಪ್ಷನಲ್. ಆದರೂ ಆ ವಾದದಲ್ಲಿ ಸೋತೆ, ಯಾಕೆಂದರೆ ಆ ರೂಮಿಗೆ ಕಿಟಕಿ ಇತ್ತು. ಅಲ್ಲಿನ ಗಲ್ಲಿಗಳಲ್ಲಿ ನಮ್ಮಂಥ ಪರೀಕ್ಷಾರ್ಥಿಗಳಿಗೆ ರೂಮು ಎಂದು ತೋರಿಸುವುದು ಬಾಗಿಲಿರುವ ಬೀರು. ಬಾಗಿಲು ತೆರೆದರೆ ಮಂಚ, ಮಂಚ ದಾಟಿದರೆ ಗೋಡೆ. ಕಿಟಕಿಯಿರುವ ರೂಮು ಸಿಕ್ಕರೆ ಊರಿಗೆ ಫೋನ್ ಮಾಡಿ ಹೇಳುತ್ತೇವೆ. ಈ ಕಿಟಕಿಗೆ ಆಂಟಿಜೀ ಒಂದೇ ಷರತ್ತು ಇಟ್ಟರು: ಕೆಳಗಿನ ಬೈಠಕ್ ಕೋಣೆಯಲ್ಲಿದ್ದ ಉಪ್ಪುನೀರಿನ ತೊಟ್ಟಿಯನ್ನು ನಾನು ನೋಡಿಕೊಳ್ಳಬೇಕು.

ಅಕ್ವೇರಿಯಂ ಅವರ ಗಂಡನದು. ಅಂಕಲ್‌ಜೀ ರೈಲ್ವೆಯಿಂದ ರಿಟೈರ್ ಆದ ಮೇಲೆ ಹಚ್ಚಿಕೊಂಡ ಹುಚ್ಚು. ನಾನು ಬರುವ ಸ್ವಲ್ಪ ಮೊದಲು, ದೀಪಾವಳಿಯ ಹೊತ್ತಿಗೆ ತೀರಿಕೊಂಡಿದ್ದರು. ಅವರಿರುವವರೆಗೆ ಆಂಟಿಜೀ ಆ ನೀರಿಗೆ ಬೆರಳೂ ಅದ್ದಿದವರಲ್ಲ. ಈಗ ಸಮುದ್ರದ ಕಡೆಯವಳೊಬ್ಬಳು ತಾನಾಗಿ ಬಾಗಿಲಿಗೆ ಬಂದಿದ್ದಾಳೆ. ದೇವರೇ ಕಳಿಸಿದ್ದಾನೆ ಎಂದುಕೊಂಡಿರಬೇಕು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಬಂದೆ.

ತೊಟ್ಟಿಯಲ್ಲಿ ಇದ್ದದ್ದು ಎರಡು ಮೀನು. ಅಂಗಡಿಯವರು ಅದನ್ನು ರಾಸ್ ಅನ್ನುತ್ತಾರೆ, ಬೆರಳುದ್ದದ ಹವಳದ ದಿಬ್ಬದ ಮೀನು. ಗಂಡಿಗೆ ನೇರಳೆ ತಲೆ, ನೀಲಿ ಮೈ, ಹೊಟ್ಟೆಯುದ್ದಕ್ಕೂ ಹಳದಿ ಗೆರೆ, ಮದುವೆಮನೆಯಲ್ಲಿ ಓಡಾಡುವ ಭಾವನ ಗತ್ತು. ಹೆಣ್ಣು ಕಿತ್ತಳೆ ಬಣ್ಣದ್ದು, ಸಾದಾ. ಅಂಕಲ್‌ಜೀ ಇವರನ್ನು ಸಾಬ್, ಮೇಮ್‌ಸಾಬ್ ಎಂದು ಕರೆಯುತ್ತಿದ್ದರಂತೆ. ನಾನು ಬೆಳಿಗ್ಗೆ ಎದ್ದು ಬಕೆಟ್ಟಿನಲ್ಲಿ ಸಮುದ್ರದ ಉಪ್ಪಿನ ಪುಡಿ ಕದಡುತ್ತಿದ್ದೆ, ನೀರಿನ ಉಪ್ಪು ಅಳೆಯುತ್ತಿದ್ದೆ, ಫ್ರಿಜ್ಜಿನಲ್ಲಿ ಪನೀರಿನ ಹಿಂದೆ ಅಡಗಿಸಿಟ್ಟ ಸೀಗಡಿಯನ್ನು ಕರಗಿಸಿ ಹಾಕುತ್ತಿದ್ದೆ. ಮಂಗಳವಾರ ಮಾತ್ರ ಸೀಗಡಿ ಇಲ್ಲ. ಆಂಟಿಜೀ ಹನುಮಂತನ ಭಕ್ತೆ, ಅವರ ಮನೆಯಲ್ಲಿ ಮಂಗಳವಾರ ಮೀನು ಕೂಡ ಮಾಂಸ ತಿನ್ನುವಂತಿಲ್ಲ. ಆ ದಿನ ಒಣಗಿದ ಸಮುದ್ರ ಪಾಚಿಯ ಚೂರು. ಸಾಬ್ ಅದನ್ನು ಬಾಯಿಗಿಟ್ಟು ಉಗಿದು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ.

ಹೋಳಿಯ ಹಿಂದಿನ ದಿನ ಸಾಬ್ ಸತ್ತ. ಈ ಜಾತಿ ಮೀನು ನೆಗೆಯುತ್ತದೆ, ಅದಕ್ಕೇ ತೊಟ್ಟಿಯ ಮೇಲೆ ಸದಾ ಬಲೆ ಇರಬೇಕು. ನಾಳೆ ಹಬ್ಬ, ಮೀನುಗಳು ಹಸಿದಿರಬಾರದೆಂದು ಆಂಟಿಜೀ ತಾವೇ ಬಲೆ ಸರಿಸಿ ಎರಡು ಚೂರು ಸೀಗಡಿ ಹಾಕಿ, ಬಲೆಯನ್ನು ಓರೆಯಾಗಿ ಬಿಟ್ಟಿದ್ದರು. ಸಂಜೆ ಅವನು ಸೋಫಾದ ಹಿಂದೆ ಹುಣಸೆ ತೊಳೆಯಂತೆ ಒಣಗಿ ಸಿಕ್ಕ. ಆಂಟಿಜೀ ಅವನನ್ನು ಅಂಕಲ್‌ಜೀಯ ಕರವಸ್ತ್ರದಲ್ಲಿ ಸುತ್ತಿ, ಟೆರೇಸಿನ ದಾಸವಾಳದ ಕುಂಡದಲ್ಲಿ ಹೂಳಿ, ಸ್ನಾನ ಮಾಡಿ ಬಂದರು. "ಇದಕ್ಕೂ ಸೂತಕ ಇದೆಯಾ ಬೇಟಾ, ನಿಮ್ಮ ಕಡೆ?" ಎಂದು ಕೇಳಿದರು. ನಮ್ಮ ಕಡೆಯ ಮೀನುಗಳ ಶಾಸ್ತ್ರ ನನಗೆ ಗೊತ್ತಿಲ್ಲ ಎಂದೆ. ಅದನ್ನೂ ವಿನಯ ಎಂದೇ ತಿಳಿದರು.

ಹೋಳಿ ಮುಗಿದು ಸ್ವಲ್ಪ ದಿನಕ್ಕೆ ಮೇಮ್‌ಸಾಬಳ ಕತ್ತಿನ ಹತ್ತಿರ ಒಂದು ನೀಲಿ ಕಲೆ ಕಾಣಿಸಿತು. ಮೂರನೇ ಮಹಡಿಯ ಹುಡುಗರು ತೊಟ್ಟಿಗೆ ಬಣ್ಣ ಎರಚಿದ್ದಾರೆಂದು ಆಂಟಿಜೀ ಮೆಟ್ಟಿಲ ಬುಡದಲ್ಲಿ ನಿಂತು ಇಡೀ ಬಿಲ್ಡಿಂಗಿಗೆ ಕೇಳುವಂತೆ ಬೈದರು. ಆದರೆ ಕಲೆ ತೊಳೆದುಹೋಗುವ ಬದಲು ಹರಡಿತು. ತಲೆ ನೇರಳೆಯಾಯಿತು. ಹೊಟ್ಟೆಯ ಮೇಲೆ ಹಳದಿ ಗೆರೆ ಮೂಡಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಅದೇ ಗತ್ತು, ಅದೇ ದುರುಗುಟ್ಟುವ ನೋಟ. ನಾನು ಫೋನಿನಲ್ಲಿ ಹುಡುಕಿ ಓದಿದೆ: ಈ ಜಾತಿಯಲ್ಲಿ ಗಂಡು ಇಲ್ಲವಾದರೆ ಗುಂಪಿನ ದೊಡ್ಡ ಹೆಣ್ಣೇ ಗಂಡಾಗುತ್ತದೆ. ಬಣ್ಣ ಮಾತ್ರವಲ್ಲ, ಪೂರ್ತಿ.

ಖುಷಿಯಿಂದ ಓಡಿ ಹೋಗಿ ಆಂಟಿಜೀಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಹೆಂಗಸು ಗಂಡಸಾಗ್ತಾಳಾ? ಇದನ್ನ ಕೋಚಿಂಗ್‌ನಲ್ಲಿ ಹೇಳಿಕೊಟ್ರಾ?"

ಅವರ ಲೆಕ್ಕಾಚಾರ ಬೇರೆಯೇ ಇತ್ತು. ನಾನು ಓದಿನ ಗುಂಗಿನಲ್ಲಿ ಮೇಮ್‌ಸಾಬಳನ್ನು ಸಾಯಿಸಿದ್ದೇನೆ. ಹೆದರಿ ಅಂಗಡಿಗೆ ಓಡಿದ್ದೇನೆ. ಅಲ್ಲಿ ಹೆಣ್ಣು ಸಿಕ್ಕಿಲ್ಲ, ಗಂಡನ್ನು ತಂದು ಬಿಟ್ಟು, ಈಗ ಇಂಟರ್ನೆಟ್ ಕಥೆ ಕಟ್ಟುತ್ತಿದ್ದೇನೆ. "ಅವರು ಬಿಟ್ಟು ಹೋದದ್ದು ಅದೊಂದೇ ಇತ್ತು. ತಿಂಗಳ ಕೊನೆಗೆ ರೂಮು ಖಾಲಿ ಮಾಡು," ಎಂದರು. ಪ್ರಿಲಿಮ್ಸ್‌ಗೆ ಕೆಲವೇ ವಾರ ಉಳಿದಿತ್ತು. ಆ ಸಮಯದಲ್ಲಿ ಇಡೀ ಬಡಾವಣೆಯಲ್ಲಿ ಬೀರು ಕೂಡ ಖಾಲಿ ಇರುವುದಿಲ್ಲ. ಮೀನು ಹೆಂಗಸೋ ಗಂಡಸೋ ಎಂಬುದರ ಮೇಲೆ ನನ್ನ ಪರೀಕ್ಷೆ ನಿಂತಿತ್ತು. ಸಿಟ್ಟು ಎಷ್ಟು ಬಂತೆಂದರೆ ಅವತ್ತು ಇಡೀ ದಿನ ಒಂದು ಪುಟ ಓದಲಾಗಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀನು. ಫೋನಲ್ಲಿ ಬರೆದಿದ್ದನ್ನೆಲ್ಲ ನಂಬ್ತೀಯಾ?" ಎಂದಳು. ಸ್ವಂತ ತಾಯಿ ಆಂಟಿಜೀ ಪಕ್ಷ ಸೇರಿದಳು.

ನನ್ನ ಪಕ್ಷದಲ್ಲಿ ಉಳಿದವಳು ರೂಮ್‌ಮೇಟ್ ಒಬ್ಬಳೇ. ಮೈಸೂರಿನವಳು, ಕಾನೂನು ಓದಿದವಳು. ಕೋರ್ಟಿಗೆ ಹೋಗದೆ ಪರೀಕ್ಷೆಗೆ ಕೂತದ್ದರಿಂದ ಅವಳೊಳಗೆ ಬಹಳಷ್ಟು ವಾದ ಖರ್ಚಾಗದೆ ಉಳಿದಿತ್ತು. "ಎರಡೂ ಕಡೆ ಕೇಳದೆ ತೀರ್ಪು ಕೊಡೋ ಹಾಗಿಲ್ಲ ಕಣೆ. ಭಾನುವಾರ ವಿಚಾರಣೆ ಇಡೋಣ," ಎಂದಳು. ಆಶ್ಚರ್ಯವೆಂದರೆ ಆಂಟಿಜೀಯೂ ಒಪ್ಪಿದರು. ಭಾನುವಾರ ಮಧ್ಯಾಹ್ನ ಬೈಠಕ್‌ನಲ್ಲಿ ನಾವು ಮೂವರು ಕೂತೆವು. ಆರೋಪಿಗೂ ನಿಂಬೆ ಶರಬತ್ತು ಕೊಟ್ಟರು, ಪುದೀನ ಹಾಕಿ. ತೊಟ್ಟಿಯಲ್ಲಿ ವಿವಾದಿತ ಮೀನು ಅತ್ತಿಂದಿತ್ತ ಅಡ್ಡಾಡುತ್ತಿತ್ತು.

"ಈ ಮೀನು ಇವಳ ಕೈಯಿಂದಲೇ ತಿನ್ನುತ್ತೆ ಆಂಟಿಜೀ. ಹೊಸದಾದ್ರೆ ಹೆದರಬೇಕಿತ್ತಲ್ಲ?" ರೂಮ್‌ಮೇಟ್ ಶುರು ಮಾಡಿದಳು.

"ಹಸಿವಾದ್ರೆ ಯಾರ ಕೈಯಿಂದಲಾದ್ರೂ ತಿನ್ನುತ್ತೆ. ಮೆಸ್ಸಲ್ಲಿ ನೀವು ತಿನ್ನಲ್ವಾ?"

"ಬಣ್ಣ ಬದಲಾದ ಮಾತ್ರಕ್ಕೆ ಬೇರೆಯವರಾಗ್ತಾರಾ? ನೀವೂ ಕೂದಲಿಗೆ ಮೆಹಂದಿ ಹಚ್ತೀರಿ."

"ಮೆಹಂದಿ ಹಚ್ಚಿ ನಾನೇನು ಅಂಕಲ್ ಆದೆನಾ?"

ರೂಮ್‌ಮೇಟ್ ಶರಬತ್ತು ಕುಡಿದಳು. ಆಗ ನನಗೆ ನಮ್ಮ ಶಾಲೆಯ ಗುಮಾಸ್ತರು ಟಿ.ಸಿ. ಬರೆಯುವಾಗ ಮಕ್ಕಳ ಮೈಮೇಲಿನ ಮಚ್ಚೆ ಹುಡುಕುತ್ತಿದ್ದದ್ದು ನೆನಪಾಯಿತು. ಮೇಮ್‌ಸಾಬಳಿಗೂ ಗುರುತಿತ್ತು! ಬೆನ್ನಿನ ಈಜುರೆಕ್ಕೆಯಲ್ಲಿ ಇಲಿ ಕಡಿದಂತೆ ಒಂದು ಕಚ್ಚು. ನಾನು ಬಂದಾಗಲೇ ಇತ್ತು, ಈಗಲೂ ಇದೆ. ಹೇಳಿದೆ. ಆಂಟಿಜೀ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಇದೆ. ಮೊದಲೂ ಇತ್ತು ಅನ್ನೋದಕ್ಕೇನು ಪ್ರೂಫ್? ಅದರ ಫೋಟೋ ಯಾರು ತೆಗೆದಿದ್ದಾರೆ?"

"ಅಂಕಲ್‌ಜೀ ದಿನಾ ಇದರ ಮುಂದೇನೇ ಕೂರ್ತಿದ್ರಂತಲ್ಲ," ಎಂದಳು ರೂಮ್‌ಮೇಟ್. "ಅವರ ಫೋಟೋ ತೆಗೆದಿರಲ್ವಾ? ಹಿಂದೆ ಮೀನೂ ಬಿದ್ದಿರುತ್ತೆ."

ಆಂಟಿಜೀ ವಾಪಸ್ ಬಂದು ಕೂತರು. ಆಮೇಲೆ, "ಫೋನಲ್ಲಿವೆ. ನಾನು ತೆಗೆದು ನೋಡಿಲ್ಲ," ಎಂದರು.

"ಯಾವಾಗಿಂದ?" ಎಂದಳು ಇವಳು, ವಕೀಲಿಕೆಯ ಭರದಲ್ಲಿ. ನಾನು ಅವಳ ತೊಡೆ ಚಿವುಟಿದೆ. ಬೇಡ ಆಂಟಿಜೀ, ಬಿಡಿ, ರೂಮು ಖಾಲಿ ಮಾಡುತ್ತೇನೆ ಎಂದು ಹೇಳಿಬಿಡಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಆದರೆ ಹೇಳಲಿಲ್ಲ, ಕಿಟಕಿಯ ಆಸೆ.

ಅವರು ಫೋನನ್ನು ದೂರ ಹಿಡಿದು, ಒಂದು ಬೆರಳಿನಿಂದ ತಳ್ಳುತ್ತಾ ತಳ್ಳುತ್ತಾ ಹಿಂದಕ್ಕೆ ಹೋದರು. ಗುಡ್ ಮಾರ್ನಿಂಗ್ ಹೂಗಳು, ನೆಂಟರ ಮದುವೆಗಳು, ಕೊನೆಗೆ ಅಂಕಲ್‌ಜೀ. ಅವರು ಹೋಗುವುದಕ್ಕೆ ಹಿಂದಿನ ಚಳಿಗಾಲದ ಫೋಟೋ. ತೋಳಿಲ್ಲದ ಸ್ವೆಟರ್ ಹಾಕಿ, ಬಾಯಿ ತೆರೆದು ನಗುತ್ತಿದ್ದಾರೆ. ಬಲಗಿವಿಯ ಹಿಂದೆ ಕಿತ್ತಳೆ ಬಣ್ಣದ ಏನೋ ಒಂದು.

"ದೊಡ್ಡದು ಮಾಡಿ ಆಂಟಿಜೀ. ಮುಖ ಅಲ್ಲ, ಕಿವಿ ಹಿಂದೆ. ಇನ್ನೂ ಮೇಲೆ."

ಕಿವಿ ದಾಟಿ ಮೇಮ್‌ಸಾಬ್ ಬಂದಳು. ಬೆನ್ನಿನ ಮೇಲೆ ಕಚ್ಚು ಸ್ಪಷ್ಟವಾಗಿತ್ತು. "ನೋಡಿ! ನೋಡಿ!" ಎಂದು ರೂಮ್‌ಮೇಟ್ ಎದ್ದು ನಿಂತಳು. ನಾವು ಕೇಸು ಗೆದ್ದಿದ್ದೆವು. ಆದರೆ ನ್ಯಾಯಾಧೀಶರು ಫೋಟೋವನ್ನು ಆಗಲೇ ಕೆಳಕ್ಕೆ ಜಾರಿಸಿ, ಕಿವಿಯಿಂದ ಕೆನ್ನೆಗೆ ಬಂದಿದ್ದರು.

"ಸ್ವೆಟರ್ ಉಲ್ಟಾ ಹಾಕಿಕೊಂಡಿದ್ದಾರೆ," ಎಂದರು. "ಅವತ್ತು ನಾನು ನೋಡಲೇ ಇಲ್ಲ."

ಆಮೇಲೆ ಫೋನನ್ನು ಮಡಿಲಲ್ಲಿಟ್ಟು ತೊಟ್ಟಿಯ ಕಡೆ ತಿರುಗಿದರು.

"ಸಾಬ್ ಹೋದ ಮೇಲೆ ಇವಳು ಹೀಗಾಗೋದಕ್ಕೆ ಎಷ್ಟು ದಿನ ಹಿಡೀತು?"

"ಕೆಲವು ವಾರ ಆಂಟಿಜೀ."

"ಬಸ್, ಅಷ್ಟೇನಾ? ಕೆಲವೇ ವಾರ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೇನೋ. "ಇಷ್ಟು ಬೇಗ ಎಲ್ಲ ಕಲಿತುಬಿಟ್ಟಳಾ? ನಂಗೆ ಇನ್ನೂ ಇನ್ವರ್ಟರ್ ಆನ್ ಮಾಡೋಕೆ ಬರಲ್ಲ. ಕರೆಂಟ್ ಹೋದ್ರೆ ಇವತ್ತಿಗೂ ಅವರನ್ನೇ ಕೂಗ್ತೀನಿ."

ರೂಮ್‌ಮೇಟ್ ನನ್ನ ಮುಖ ನೋಡಿದಳು. ಆ ಬೇಸಿಗೆಯಲ್ಲಿ ಕರೆಂಟ್ ಹೋದಾಗಲೆಲ್ಲ ಕೆಳಗಿನಿಂದ "ಸುನೋ ಜೀ!" ಎಂಬ ಕೂಗು, ನಮ್ಮ ಕಡೆಯ "ಏನ್ರೀ" ಇದ್ದಂತೆ, ಕೇಳುತ್ತಿತ್ತು. ತೊಟ್ಟಿಯ ಪಂಪು ನಿಂತಿದೆ, ನನ್ನನ್ನೇ ಕರೆಯುತ್ತಿದ್ದಾರೆ ಎಂದು ನಾನು ಓದುವುದನ್ನು ಬಿಟ್ಟು "ಆಯೀ ಆಂಟಿಜೀ" ಎನ್ನುತ್ತಾ ಮೆಟ್ಟಿಲಿಳಿದು ಓಡುತ್ತಿದ್ದೆ. ಕರೆದದ್ದು ನಿನ್ನನ್ನಲ್ಲ ಎಂದು ಅವರು ಒಂದು ಸಲವೂ ಹೇಳಿರಲಿಲ್ಲ.