ಬೆಳುಗುಪ್ಪದ ಸೋಲಾರ್ ರಿಪೇರಿ ಕೋಣೆ

ಕೊರೊನಾ ಕಳೆದ ಮರುವರ್ಷ ನಾನು ಗಡಿಯಾಚೆ ಆಂಧ್ರದ ಹಿಂದೂಪುರದ ಕೌಶಲ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಕಲ್ ಬೋಧಕನಾಗಿದ್ದೆ. ಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಬಾಗಿಲು ಹಾಕಿತ್ತು. ಅಲ್ಲಿ ಕೆಲಸ ಕಳೆದುಕೊಂಡ ಹೆಂಗಸರಿಗೆ ಸೋಲಾರ್ ಟೆಕ್ನಿಷಿಯನ್ ತರಬೇತಿ ಕೊಡಿ ಎಂದು ಮೇಲಿನಿಂದ ಆದೇಶ ಬಂತು. ‘ಹಸಿರು ಉದ್ಯೋಗ’ ಎಂಬ ಮಾತು ಆಗ ಎಲ್ಲ ಸಭೆಗಳಲ್ಲೂ ಓಡಾಡುತ್ತಿತ್ತು.

ಆ ತಂಡದಲ್ಲಿ ಬೆಳುಗುಪ್ಪದ ನಾಗರತ್ನ, ಹನುಮಕ್ಕ ಇದ್ದರು. ಹೊಲಿಗೆ ಕೆಲಸಕ್ಕೆಂದು ಊರು ಬಿಟ್ಟು ಬಂದು ಹಿಂದೂಪುರದಲ್ಲಿ ಬಾಡಿಗೆ ಕೋಣೆ ಹಿಡಿದವರು. ತರಬೇತಿ ಮುಗಿದಾಗ, ಕಲ್ಯಾಣದುರ್ಗದ ಕಡೆಯ ಒಂದು ಸೋಲಾರ್ ಪ್ಲಾಂಟಿನಲ್ಲಿ ಇಬ್ಬರಿಗೂ ಕೆಲಸವೆಂದು ಮಾತಾಯಿತು. ನಾನೇ ಕರೆದುಕೊಂಡು ಹೋದೆ.

ಅಲ್ಲಿನ ಮ್ಯಾನೇಜರ್ ಸುತ್ತಿಬಳಸಿ ಮಾತಾಡಲಿಲ್ಲ. ಟೆಕ್ನಿಷಿಯನ್‌ಗಳು ಬೇರೆ ರಾಜ್ಯದಿಂದ ಬಂದಾಗಿದೆ. ಇವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ ಕೆಲಸವಿದೆ, ಬೇಕಾದರೆ ಸೇರಲಿ ಎಂದ.

“ಇದ್ಕೆ ಇಷ್ಟೆಲ್ಲಾ ಕಲೀಬೇಕಿತ್ತಾ ಸಾರ್?” ಎಂದಳು ನಾಗರತ್ನ.

“ನೀನು ಬ್ಯಾಡ ಅಂದ್ರೂ ನಡೀತದೆ ಕಣಮ್ಮ. ನಮ್ಮನೇಲಿ ದುಡಿಯೋಳು ನಾನೊಬ್ಳೇ,” ಎನ್ನುತ್ತ ಹನುಮಕ್ಕ ಗೇಟು ದಾಟಿ ಒಳಗೆ ಹೋದಳು. ನಾಗರತ್ನ ಹೊರಗೇ ಉಳಿದಳು.

ನಾಗರತ್ನಳನ್ನು ಬೆಳುಗುಪ್ಪಕ್ಕೆ ಬಿಡಲು ಹೋದೆ. ಅವಳ ದೊಡ್ಡಪ್ಪ ತಿಪ್ಪೇಸ್ವಾಮಿಯವರ ತೋಟದಲ್ಲಿ ಟೊಮೇಟೊ ಗಿಡಗಳು ತಲೆ ಬಾಗಿಸಿ ನಿಂತಿದ್ದವು. ಸಬ್ಸಿಡಿಯಲ್ಲಿ ಬಂದ ಸೋಲಾರ್ ಪಂಪ್ ಕೆಟ್ಟಿತ್ತು.

“ಇವತ್ತು ಬತ್ತೀವಿ, ನಾಳೆ ಬತ್ತೀವಿ ಅಂತಾರೆ ಕಂಪ್ನಿಯೋರು. ಫೋನ್ ಮಾಡಿ ಮಾಡಿ ಸಾಕಾಗ್ಬುಟ್ಟೈತೆ. ಸುತ್ತಲ ಹಳ್ಳೀಲೂ ಇದೇ ಕತೆ,” ಎಂದರು ಅವರು.

ನಾಗರತ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ಯಾನೆಲ್ ಕೆಳಗೆ ಕೂತಳು. ವೈರುಗಳನ್ನು ಸೇರಿಸುವ ಕನೆಕ್ಟರ್ ಸುಟ್ಟುಹೋಗಿತ್ತು. ಹೊರಗಿನವರು ಮುಟ್ಟಿದರೆ ವಾರಂಟಿ ಹೋಗುತ್ತದೆ ಎಂದು ನಾನು ಎಚ್ಚರಿಸಿದೆ.

“ಗಿಡ ಹೋದ್ಮ್ಯಾಕೆ ವಾರಂಟಿ ಮಡಿಕ್ಕಂಡು ಏನ್ ಮಾಡ್ಲಿ? ಬಿಚ್ಚು ಕಣಮ್ಮ,” ಎಂದರು ತಿಪ್ಪೇಸ್ವಾಮಿ.

ನಾನು ಸ್ವಿಚ್ ಆರಿಸಿ ಪಕ್ಕದಲ್ಲಿ ಕೂತೆ. ಅವಳು ತರಬೇತಿಯಲ್ಲಿ ಕೊಟ್ಟಿದ್ದ ಟೂಲ್ ಚೀಲದಿಂದ ಹೊಸ ಕನೆಕ್ಟರ್ ತೆಗೆದು ಹಾಕಿದಳು. ನೀರು ಬಂತು. ನಾವು ಕೈ ತೊಳೆಯುವಷ್ಟರಲ್ಲಿ ಪಕ್ಕದ ತೋಟದವರು ಕರೆಯಲು ಬಂದಿದ್ದರು.

ಆದರೆ ಹೀಗೆ ಕದ್ದುಮುಚ್ಚಿ ರಿಪೇರಿ ಮಾಡುತ್ತ ಬದುಕು ಕಟ್ಟಲಾಗುವುದಿಲ್ಲ. ಕಲ್ಯಾಣದುರ್ಗದಲ್ಲಿ ನಡೆದ ಸರ್ಕಾರಿ ಸಭೆಯಲ್ಲಿ ನಾನು ಒಂದೇ ಬೇಡಿಕೆ ಇಟ್ಟೆ: ಸಬ್ಸಿಡಿ ಪಂಪ್ ಮಾರುವ ಕಂಪನಿಯು ಸರ್ವಿಸ್ ಕೆಲಸವನ್ನು ಇಲ್ಲೇ ತರಬೇತಿ ಪಡೆದವರಿಗೆ ವಹಿಸಬೇಕು. ಅಧಿಕಾರಿ “ಚೂದ್ದಾಂ” ಎಂದರು. ಕಚೇರಿಯ ತೆಲುಗಿನಲ್ಲಿ ‘ನೋಡೋಣ’ ಎಂದರೆ ‘ಆಗದು’ ಎಂದೇ ಅರ್ಥ.

ಮುಂದಿನ ಸಭೆಗೆ ನಾಗರತ್ನ ಪಂಪ್ ಕೆಟ್ಟ ರೈತರನ್ನೇ ಕರೆತಂದಳು. ಒಳಗೆ ಜಾಗ ಸಾಲದೆ ಅವರು ವರಾಂಡಾದಲ್ಲಿ ನಿಂತರು. ಅಧಿಕಾರಿ ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿದರು. ಒಂದಷ್ಟು ಎಳೆದಾಡಿದ ಮೇಲೆ ಕಂಪನಿ ಒಪ್ಪಿತು.

ಈಗ ಬೆಳುಗುಪ್ಪದ ಹಳೆಯ ಗೋದಾಮಿನ ಕೋಣೆಯಲ್ಲಿ ನಾಗರತ್ನ ಮತ್ತು ಅವಳೊಂದಿಗೆ ತರಬೇತಿ ಪಡೆದ ಇತರ ಹೆಂಗಸರು ಪಂಪ್ ರಿಪೇರಿ ಮಾಡುತ್ತಾರೆ. ಹನುಮಕ್ಕ ಬರಲಿಲ್ಲ. ತಿಂಗಳಿಗೆ ತಪ್ಪದೆ ಬರುವ ಸಂಬಳ ಬಿಡಲಾರೆ ಎಂದಳು. ಅದೂ ಸರಿಯೇ.

ಕೈಗೆ ಸರ್ಟಿಫಿಕೇಟ್ ಕೊಟ್ಟರೆ ಉದ್ಯೋಗ ಕೊಟ್ಟಂತೆ ಎಂದು ಇಲಾಖೆ ನಂಬಿತ್ತು, ನಾನೂ ನಂಬಿದ್ದೆ. ಆಮೇಲೆ ನಿವೃತ್ತಿಯವರೆಗೂ, ಹೊಸ ತಂಡಕ್ಕೆ ಪಾಠ ಶುರುಮಾಡುವ ಮೊದಲು ಹಳ್ಳಿಗಳನ್ನು ಸುತ್ತಿಬರುತ್ತಿದ್ದೆ. ಏನು ಕೆಟ್ಟು ನಿಂತಿದೆ, ಯಾರು ಕಾಯುತ್ತಿದ್ದಾರೆ ಎಂದು ಕೇಳುತ್ತಿದ್ದೆ. ಏನು ಕಲಿಸಬೇಕೆಂಬುದನ್ನು ಹಳ್ಳಿಯವರೇ ಹೇಳುತ್ತಿದ್ದರು.